ಓದುಗರ ಪ್ರಶ್ನೆ: ಗೇಮ್ ಹಿರಿಯರಿಗೂ ಒಳ್ಳೇದು ಅಂತ ಪೋಸ್ಟರ್‌ನಲ್ಲಿ ಹೇಳೋದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ, ನಾನು ಶಿರಸಿಯಲ್ಲಿ ಡಿಗ್ರಿ ಕೊನೇ ವರ್ಷ. ಅಕ್ಟೋಬರ್ 1ರ ಹಿರಿಯರ ದಿನಕ್ಕೆ ಊರಿನ ಸಭಾಭವನದಲ್ಲಿ ಹಾಕೋಕೆ ಒಂದು ಇನ್ಫೋಗ್ರಾಫಿಕ್ ಮಾಡ್ತಾ ಇದೀನಿ, ವಿಡಿಯೋ ಗೇಮ್‌ನಿಂದ ವಯಸ್ಸಾದವರಿಗೆ ಏನು ಲಾಭ ಅಂತ. "ಗೇಮ್ ಆಡಿ, ಮರೆವಿನ ಕಾಯಿಲೆ ಓಡಿಸಿ" ಅಂತ ಹೆಡ್ಡಿಂಗ್, ಕೆಳಗೆ ಹತ್ತು ಲಾಭ, ಹತ್ತು ಐಕಾನ್. ಕಾಣೋಕೆ ಚೆನ್ನಾಗೇ ಇದೆ, ಆದ್ರೆ ನಮ್ಮ ಅಜ್ಜ ನೋಡಿ "ಇದೆಲ್ಲ ಹುಡುಗ್ರ ಆಟ" ಅಂತ ಎದ್ದು ಹೋದ್ರು. ಎಲ್ಲಿ ತಪ್ಪಿದೆ?

ಉತ್ತರ: ತಂಗಿ, ಮೊದಲು ಆ ಹೆಡ್ಡಿಂಗ್ ತೆಗಿ. ಗೇಮ್ ಆಡಿದ್ರೆ ಮರೆವಿನ ಕಾಯಿಲೆ ಓಡುತ್ತೆ ಅಂತ ಯಾರಿಗೂ ಮಾತು ಕೊಡೋಕಾಗಲ್ಲ. ಅಮೆರಿಕದಲ್ಲಿ ಲ್ಯುಮೊಸಿಟಿ ಅನ್ನೋ ಮೆದುಳಿನ ಆಟದ ಆ್ಯಪ್‌ನವರು ಹೀಗೇ ಆಧಾರ ಇಲ್ಲದೆ ಜಾಹೀರಾತು ಕೊಟ್ರು ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಕೇಸ್ ಹಾಕಿ, 2016ರಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯ್ತು. ನಿನ್ನ ಪೋಸ್ಟರ್ ನೋಡೋರಲ್ಲಿ ಮನೇಲೇ ಮರೆವಿನ ಕಾಯಿಲೆ ಕಂಡವರು ಇರ್ತಾರೆ, ಅವರ ಮುಂದೆ ಇಂಥ ಮಾತು ಆಡಬಾರದು.

ಹತ್ತು ಲಾಭ ಬೇಡ, ಒಂದು ಸಾಕು, ಆದ್ರೆ ಅದು ಗಟ್ಟಿ ಇರಬೇಕು. ನನ್ನ ಕೇಳಿದ್ರೆ 2013ರಲ್ಲಿ ನೇಚರ್ ಪತ್ರಿಕೇಲಿ ಬಂದ ಅಧ್ಯಯನ ತಗೋ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ನ್ಯೂರೋರೇಸರ್ ಅಂತ ಒಂದು ಗೇಮ್ ಮಾಡಿದ್ರು, ಅಂಕುಡೊಂಕು ರಸ್ತೇಲಿ ಕಾರ್ ಓಡಿಸ್ತಾನೇ ಮಧ್ಯೆ ಮಧ್ಯೆ ಬರೋ ಚಿಹ್ನೆಗಳಲ್ಲಿ ಬೇಕಾದ್ದಕ್ಕೆ ಮಾತ್ರ ಬಟನ್ ಒತ್ತಬೇಕು, ಅಂದ್ರೆ ಒಟ್ಟಿಗೇ ಎರಡು ಕೆಲಸ. 60ರಿಂದ 85 ವರ್ಷದವರು ದಿನಕ್ಕೆ ಒಂದು ಗಂಟೆ, ವಾರಕ್ಕೆ ಮೂರು ದಿನ, ನಾಲ್ಕು ವಾರ ಮನೇಲೇ ಆಡಿದ್ರು, ಕೊನೆಗೆ ಆ ಆಟದಲ್ಲಿ ಎರಡು ಕೆಲಸ ಒಟ್ಟಿಗೆ ನಿಭಾಯಿಸೋದ್ರಲ್ಲಿ, ಅಭ್ಯಾಸ ಇಲ್ಲದ 20ರ ಹುಡುಗರಿಗಿಂತ ಮುಂದೆ ಹೋದ್ರು, ಆರು ತಿಂಗಳಾದ್ಮೇಲೂ ಆ ಲಾಭ ಉಳಿದಿತ್ತು.

ಇದನ್ನ ಬಾರ್ ಚಾರ್ಟ್ ಮಾಡಬೇಡ. ಒಂದು ಕ್ಯಾಲೆಂಡರ್ ಹಾಳೆ ಬರಿ, ಅದರಲ್ಲಿ 12 ಚೌಕಕ್ಕೆ ಬಣ್ಣ ತುಂಬು, ಪಕ್ಕದಲ್ಲಿ "ಒಂದು ತಿಂಗಳಲ್ಲಿ 12 ಗಂಟೆ" ಅಂತ ದೊಡ್ಡದಾಗಿ ಬರಿ. ಗೋಡೆ ಮೇಲೆ ಕ್ಯಾಲೆಂಡರ್ ನೋಡಿ ಏಕಾದಶಿ, ಸಂಕಷ್ಟಿ ಲೆಕ್ಕ ಹಾಕೋರಿಗೆ ಅದು ಕೂಡ್ಲೇ ಅರ್ಥ ಆಗುತ್ತೆ. ಅದರ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಇದು ವಿಜ್ಞಾನಿಗಳು ಇದಕ್ಕೇ ಅಂತ ತಯಾರಿಸಿದ ಗೇಮ್, ಫೋನ್‌ನಲ್ಲಿರೋ ಎಲ್ಲಾ ಗೇಮ್‌ಗೂ ಈ ಮಾತು ಹೊಂದಲ್ಲ ಅಂತಾನೂ ಬರಿ. ಮೂಲೇಲಿ ಸಣ್ಣಕ್ಕೆ ಬರೆದು ಬಚ್ಚಿಡಬೇಡ. ಕೆನಡಾದ ಮಾಂಟ್ರಿಯಲ್‌ನವರು ಸೂಪರ್ ಮಾರಿಯೋ 64 ಅನ್ನೋ ಗೇಮ್ ಮೇಲೆ ಮಾಡಿದ 2017ರ ಅಧ್ಯಯನಾನೂ ಇದೆ, 55ರಿಂದ 75 ವರ್ಷದವರು ಆರು ತಿಂಗಳು ಆಡಿದ್ದು, ಮೆದುಳಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಬದಲಾವಣೆ ಕಂಡಿತ್ತು, ಆದ್ರೆ ಮೂರು ಗುಂಪು ಸೇರಿ 33 ಜನ ಅಷ್ಟೇ, ಹಾಗಾಗಿ ಅದನ್ನ ಮುಖ್ಯ ಮಾಡಬೇಡ.

ಇನ್ನು ನಿಮ್ಮಜ್ಜ ಎದ್ದು ಹೋದ ವಿಷ್ಯ. ಅವರಿಗೆ ಆಟ ಹೊಸದಲ್ಲ ತಂಗಿ. ನಮ್ಮ ಕಡೆ ಆ ವಯಸ್ಸಿನ ಎಷ್ಟೋ ಜನ ಮಳೆಗಾಲದಲ್ಲಿ ಚೆನ್ನೆಮಣೆ ಇಟ್ಕೊಂಡು ಕೂತವರೇ, 14 ಗುಳೀಲಿ ಯಾವುದ್ರಲ್ಲಿ ಎಷ್ಟು ಕಾಯಿ ಅಂತ ಮನಸ್ಸಲ್ಲೇ ಲೆಕ್ಕ ಇಟ್ಟವರು. ಅಲ್ಲಿಂದ ಶುರು ಮಾಡು. ಇಂಟರ್ನೆಟ್‌ನಲ್ಲಿ ಸಿಗೋ ಸೋಫಾ ಮೇಲೆ ಕೂತ ವಿದೇಶಿ ದಂಪತಿ ಚಿತ್ರ ತೆಗೆದು ಜಗಲಿ ಮೇಲೆ ಕೂತ ಅಜ್ಜಿ, ಒಂದು ಕಡೆ ಚೆನ್ನೆಮಣೆ, ಕೈಲಿ ಫೋನ್, ಇಷ್ಟು ಬರಿ. ಕಾರವಾರದಲ್ಲಿರೋ ನಮ್ಮ ದೊಡ್ಡಮ್ಮ ದಿನಾ ರಾತ್ರಿ ಊಟ ಆದ್ಮೇಲೆ ಬೆಂಗಳೂರಲ್ಲಿರೋ ಮೊಮ್ಮಗನ ಜೊತೆ ಫೋನ್‌ನಲ್ಲಿ ಲೂಡೋ ಆಡ್ತಾರೆ, ಮೊದಲು ಫೋನ್ ಮಾಡಿದ್ರೆ "ಊಟ ಆಯ್ತಾ" ಅಲ್ಲಿಗೇ ಮಾತು ಮುಗೀತಿತ್ತು, ಈಗ ಅರ್ಧ ಗಂಟೆ ಕಾಯಿ ಹೊಡೆದದ್ದು, ಜಗಳ, ನಗು ಎಲ್ಲಾ ಇರುತ್ತೆ. ಅದ್ರಿಂದ ಅವರ ನೆನಪು ಚುರುಕಾಯ್ತು ಅಂತ ನಾನು ಹೇಳಲ್ಲ, ಆದ್ರೆ ಆ ಹೊತ್ತಿಗೆ ಅವರು ಕಾಯ್ತಾ ಇರ್ತಾರೆ. ಪೋಸ್ಟರ್‌ನಲ್ಲಿ "ಮೊಮ್ಮಕ್ಕಳ ಹತ್ರ ಒಂದು ಆಟ ಹೇಳಿಸ್ಕೊಳ್ಳಿ" ಅಂತ ಒಂದು ಸಾಲು ಇರಲಿ. ದುಡ್ಡು ಕಟ್ಟಿ ಆಡೋ ರಮ್ಮಿ ಬೇಡ ಅಂತ ಖಂಡಿತ ಬರಿ.

ಓದೋಕೆ ಆಗಬೇಕಲ್ಲ, ಅದಕ್ಕೆ ತಿಳಿ ಹಿನ್ನೆಲೆ ಮೇಲೆ ಕಪ್ಪು ಅಕ್ಷರ. ವಯಸ್ಸಾದ್ಮೇಲೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ-ಹಸಿರು ವ್ಯತ್ಯಾಸ ಕಾಣೋದು ಕಷ್ಟ, ಹಾಗಾಗಿ ಅವೆರಡನ್ನ ಪಕ್ಕಪಕ್ಕ ಇಡಬೇಡ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಸಾಲುಗಳ ಮಧ್ಯೆ ಜಾಗ ಜಾಸ್ತಿ ಬಿಡು. ಹೊಳೆಯೋ ಲ್ಯಾಮಿನೇಷನ್ ಮಾಡಿಸಿದ್ರೆ ಟ್ಯೂಬ್‌ಲೈಟ್ ಬೆಳಕಿಗೆ ಅರ್ಧ ಅಕ್ಷರ ಕಾಣಲ್ಲ.

ಪ್ರಿಂಟ್‌ಗೆ ಕೊಡೋ ಮುಂಚೆ ಒಂದು ಕಾಪಿ ಮನೆ ಗೋಡೆಗೆ ಅಂಟಿಸಿ ಅಜ್ಜನ ಹತ್ರ ಜೋರಾಗಿ ಓದಿಸು, ಅವರು ತಡವರಿಸಿದ ಕಡೆ ಪದ ಬದಲಾಯಿಸು. ಆಮೇಲೆ ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಮಾಡೇ ಕೊಡು, ಅವರ ಕಂಪ್ಯೂಟರಲ್ಲಿ ಯೂನಿಕೋಡ್ ಅಕ್ಷರಾನ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಅಕ್ಷರಕ್ಕೆ ಬದಲಾಯಿಸುವಾಗ ಒತ್ತು ಒಡೆದು ಹೋಗೋದುಂಟು, ಪಕ್ಕದಲ್ಲೇ ನಿಂತು ನೋಡಿ ಪ್ರಿಂಟ್ ಹಾಕಿಸು.