ಕೈ ಎತ್ತುವ ಹೊತ್ತು, ಮಾತನಾಡುವ ಹೊತ್ತು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ನಡುವಯಸ್ಸಿನ ದಂಪತಿ, ಜೋಡಿಯಾಗಿ ಕುಣಿಯುವ ಸಾಲ್ಸಾ ನೃತ್ಯದ ತರಗತಿಗೆ ಒಟ್ಟಿಗೆ ಸೇರಿ ನಾಲ್ಕು ತಿಂಗಳಾದ ಮೇಲೆ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದರು. "ಮನೆಯಲ್ಲಿ ನಮಗೆ ಜಗಳವಿಲ್ಲ. ತರಗತಿ ಮುಗಿದ ದಿನ ಮಾತ್ರ ಇವರ ಜೊತೆ ಮಾತೇ ಬೇಡ ಅನ್ನಿಸುತ್ತದೆ" ಎಂದು ಪತ್ನಿ ಆರಂಭಿಸಿದರು. ಪ್ರತಿ ತಿರುವಿನಲ್ಲೂ ಪತಿ ಏನಾದರೊಂದು ತಿದ್ದುತ್ತಿದ್ದರು. ಜೋಡಿ ಬದಲಾಯಿಸಿ ಬೇರೆಯವರೊಂದಿಗೆ ಕುಣಿಯುವಾಗ ಅದೇ ತಿರುವು ತಮಗೆ ಸಲೀಸಾಗಿ ಬರುತ್ತದೆಂಬುದನ್ನು, ಪತಿ ನೊಂದುಕೊಳ್ಳಬಹುದೆಂಬ ಕಾರಣಕ್ಕೆ ಆಕೆ ಹೇಳಿರಲಿಲ್ಲ.

ಪ್ರತ್ಯೇಕವಾಗಿ ಮಾತನಾಡಿದಾಗ ಪತಿಯ ಕಷ್ಟವೂ ತಿಳಿಯಿತು. ಈ ನೃತ್ಯದಲ್ಲಿ ಜೋಡಿಯ ಒಬ್ಬರು ಮುನ್ನಡೆಸುತ್ತಾರೆ, ಇನ್ನೊಬ್ಬರು ಅನುಸರಿಸುತ್ತಾರೆ; ಇಲ್ಲಿ ಮುನ್ನಡೆಸುತ್ತಿದ್ದವರು ಪತಿ. ಮುನ್ನಡೆಸುವವರು ಮುಂದಿನ ಚಲನೆಯನ್ನು ನೆನಪಿಟ್ಟುಕೊಂಡು, ಎಣಿಕೆ ತಪ್ಪದಂತೆ, ಪಕ್ಕದ ಜೋಡಿಗೆ ತಾಗದಂತೆ ಸಾಗಬೇಕು. ಹೆಜ್ಜೆ ಕೆಟ್ಟಾಗಲೆಲ್ಲ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂಬ ಅಳುಕಿನಿಂದ ಅವರ ಬಾಯಿಗೆ ತಿದ್ದುಪಡಿಯ ಮಾತು ಬಂದುಬಿಡುತ್ತಿತ್ತು. ನಾನು ಅದನ್ನು ದರ್ಪವೆಂದು ಭಾವಿಸಲಿಲ್ಲ.

ನಾನು ನೃತ್ಯ ಬಲ್ಲವಳಲ್ಲವಾದ್ದರಿಂದ, ಅವರಿಬ್ಬರಿಗೆ ಕೂಡದ ಆ ತಿರುವನ್ನು, ಅಂದರೆ ಪತ್ನಿ ಬಲಕ್ಕೆ ತಿರುಗುವ ಬಲತಿರುವನ್ನು, ನಿಧಾನವಾಗಿ, ಗಟ್ಟಿಯಾಗಿ ಎಣಿಸುತ್ತ ತೋರಿಸಿ ಎಂದು ಕೇಳಿದೆ. ಎಂಟು ಎಣಿಕೆಗಳಲ್ಲಿ 1, 2, 3 ಮತ್ತು 5, 6, 7ಕ್ಕೆ ಹೆಜ್ಜೆ. 4 ಮತ್ತು 8ಕ್ಕೆ ಬಿಡುವು. ಪತ್ನಿ 5ಕ್ಕೆ ತಿರುಗತೊಡಗಬೇಕಾದರೆ ಅದಕ್ಕೆ ಮೊದಲೇ ಸೂಚನೆಯಾಗಿ ಪತಿಯ ಕೈ ಮೇಲೇಳಬೇಕು. ಅವರ ಕೈ ಏಳುತ್ತಿದ್ದದ್ದೇ 5ಕ್ಕೆ. ಎರಡನೆಯ ಸಲ ಎಣಿಸುವಾಗ ಅವರಿಗೇ ಅದು ಹೊಳೆದು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಗ ಪತ್ನಿ, ತಡವಾಗಿ ಎಳೆದಾಗಲೆಲ್ಲ ತಮ್ಮ ಭುಜ ನೋಯುತ್ತದೆಂದು ಮೊದಲ ಬಾರಿಗೆ ಹೇಳಿದರು.

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ದರೆ ಅದಕ್ಕೂ ಒಂದು ಪಾಠ ಮಾಡುತ್ತಿದ್ದಿರಿ."

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಪತಿಯ ಮಾತಿಗಿಂತ ಪತ್ನಿ ನಗುಮುಖದಲ್ಲಿ ಮುಚ್ಚಿಟ್ಟಿದ್ದ ಆ ನೋವು. ಆದ್ದರಿಂದ, ಮಣಿಕಟ್ಟು ತಿರುಚಿದರೆ ಅಥವಾ ಭುಜ ಎಳೆದರೆ ಆ ಕ್ಷಣವೇ ನಿಂತು ಹೇಳಬೇಕು, ಕೇಳಿದವರು ಸಮಜಾಯಿಷಿ ಕೊಡದೆ ನಿಲ್ಲಿಸಬೇಕು ಎಂಬುದನ್ನು ಮೊದಲ ಸಲಹೆಯಾಗಿ ಕೊಟ್ಟೆ. ನೋವಿನ ವಿಷಯವನ್ನು ಬಿಟ್ಟು, ಒಂದು ತಿಂಗಳ ಕಾಲ ಹಾಡು ನಡೆಯುತ್ತಿರುವಾಗ ಯಾರೂ ಯಾರನ್ನೂ ತಿದ್ದಬಾರದು. ಒಂದೇ ಕಡೆ ಎರಡು ಸಲ ಎಡವಿದರೆ ಇಬ್ಬರೂ ಶಿಕ್ಷಕರ ಬಳಿ ಹೋಗಿ, "ಇವಳಿಗೆ ಬರುತ್ತಿಲ್ಲ" ಎನ್ನದೆ "ನಮಗೆ ಈ ತಿರುವು ಕೂಡುತ್ತಿಲ್ಲ" ಎಂದು ಕೇಳಬೇಕು. ತರಗತಿಯ ನಂತರ ಹೇಳಲೇಬೇಕಾದ್ದಿದ್ದರೆ "ಒಂದು ಮಾತು ಹೇಳಲೇ?" ಎಂದು ಕೇಳಿ, "ಈಗ ಬೇಡ" ಎಂಬ ಉತ್ತರ ಬಂದರೆ ಅದನ್ನು ಒಪ್ಪಬೇಕು. ಹೇಳುವಾಗಲೂ "ನೀನು ತಡ ಮಾಡಿದೆ" ಎನ್ನುವ ಬದಲು "ನನಗೆ ಸೂಚನೆ ತಡವಾಗಿ ತಲುಪಿತು" ಎಂದು ತಮ್ಮ ಮೈಗೆ ಅನುಭವವಾದದ್ದನ್ನಷ್ಟೇ ಹೇಳಬೇಕು.

ಒಂದೂವರೆ ತಿಂಗಳ ನಂತರದ ಭೇಟಿಯಲ್ಲಿ, ಪತಿ ಈಗಲೂ ತಿದ್ದಲು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸುತ್ತಾರೆಂದು ಪತ್ನಿ ತಿಳಿಸಿದರು. ಆಕೆ ಎರಡು ಬಾರಿ ನೃತ್ಯದ ನಡುವೆಯೇ ನೋವು ಹೇಳಿ ನಿಂತಿದ್ದಾರೆ, ಭುಜವನ್ನು ವೈದ್ಯರಿಗೂ ತೋರಿಸಿದ್ದಾರೆ.