ಜರ್ಮನಿಗೆ ಬರಲಾ ಅಂತ ಕೇಳಿದ ಕೋಲಾರದ ತಮ್ಮನಿಗೆ

ತಮ್ಮಾ, "ಅಕ್ಕಾ, ಡ್ರೆಸ್ಡೆನ್‌ನಲ್ಲಿ ಚಿಪ್ ಕಾರ್ಖಾನೆ ಕೆಲಸ ಸಿಕ್ಕಿದೆ. ಅಲ್ಲಿ ಪಕ್ಕದಲ್ಲೇ ಯುದ್ಧ, ಯೂರೋಪಿನ ರಕ್ಷಣೆಯನ್ನು ಅಮೆರಿಕ ಕೈಬಿಡುತ್ತದಂತೆ. ನರಸಾಪುರದ ಕೆಲಸ ಬಿಟ್ಟು ಬರಲಾ?" ಅಂತ ಕೇಳಿದ್ದೀಯ. ಬಾ. ಆದರೆ ಇಲ್ಲಿ ಏನು ನಡೆಯುತ್ತಿದೆ ಅಂತ ತಿಳಿದುಕೊಂಡು ಬಾ.

ಒಂದೇ ಬೋರ್‌ವೆಲ್ ನಂಬಿ ಟೊಮೆಟೊ ಇಟ್ಟವರ ಪಾಡು ನಮ್ಮೂರಲ್ಲಿ ನೋಡಿದ್ದೀಯಲ್ವಾ? ಜರ್ಮನಿಯದ್ದೂ ಅದೇ ಆಯಿತು. 2021ರಲ್ಲಿ ಹೊರಗಿನಿಂದ ತರಿಸುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು. ಆಗಸ್ಟ್ ಕೊನೆಗೆ ರಷ್ಯಾದಿಂದ ಸಮುದ್ರದಡಿ ಬರುವ ನಾರ್ಡ್ ಸ್ಟ್ರೀಮ್ ಪೈಪಿನಲ್ಲಿ ಗ್ಯಾಸ್ ಬರುವುದೇ ನಿಂತಿತು. ಆ ಚಳಿಗಾಲ ಗ್ಯಾಸ್ ಉಳಿಸಲು ಸರ್ಕಾರಿ ಕಚೇರಿಗಳನ್ನು 19 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡುವಂತಿರಲಿಲ್ಲ. ನಾವು ಒಂದೇ ಕೋಣೆಗೆ ಹೀಟರ್ ಹಾಕಿ, ಮಕ್ಕಳನ್ನೂ ಅಲ್ಲೇ ಮಲಗಿಸುತ್ತಿದ್ದೆವು. ಡಿಸೆಂಬರಿಗೆಲ್ಲಾ ವಿಲ್ಹೆಲ್ಮ್‌ಸ್‌ಹಾಫನ್ ಬಂದರಿನಲ್ಲಿ ಹಡಗಿನಿಂದ ಗ್ಯಾಸ್ ಇಳಿಸುವ ವ್ಯವಸ್ಥೆ ಎದ್ದು ನಿಂತಿತು. ಒಂದು ಅರ್ಜಿಗೆ ವಾರಗಟ್ಟಲೆ ಕಾಯಿಸುವ ದೇಶ ಇದು. ಅಷ್ಟು ಬೇಗ ಮುಗಿಸಿದ್ದು ನೋಡಿ ನನಗೆ ಧೈರ್ಯ ಬಂತು.

ಈಗ ಆ ಹಡಗುಗಳಲ್ಲಿ ಬರುವ ಗ್ಯಾಸ್ ಬಹುಪಾಲು ಅಮೆರಿಕದ್ದು. ಹಳೇ ಬೋರ್ ಬಿಟ್ಟು ಇನ್ನೊಬ್ಬರ ಬೋರಿಗೆ ಪೈಪ್ ಎಳೆದ ಹಾಗೆ. ನನಗೆ ಇದೇ ಚಿಂತೆ.

ಅದಕ್ಕೇ 27 ದೇಶಗಳ ಐರೋಪ್ಯ ಒಕ್ಕೂಟ ತನ್ನ ಕಾಲ ಮೇಲೆ ನಿಲ್ಲಲು ಒದ್ದಾಡುತ್ತಿದೆ. 2025ರ ಮಾರ್ಚಿನಲ್ಲಿ ರಕ್ಷಣೆಗೆ 80,000 ಕೋಟಿ ಯೂರೋವರೆಗೆ ಹೊಂದಿಸುವ ಯೋಜನೆ ಹೇಳಿದರು. ನಿನ್ನ ಕೆಲಸವೂ ಇದರ ಭಾಗವೇ. ಎಲೆಕ್ಟ್ರಾನಿಕ್ ಚಿಪ್‌ಗಳಿಗೂ ಹೊರಗಿನವರನ್ನೇ ನಂಬಿದರೆ ಕಷ್ಟ ಅಂತ, ಅವನ್ನು ಯೂರೋಪಿನಲ್ಲೇ ಮಾಡಿಸಲು 2023ರಲ್ಲಿ ಚಿಪ್ಸ್ ಕಾಯ್ದೆ ತಂದರು. ಡ್ರೆಸ್ಡೆನ್‌ನಲ್ಲಿ ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ, ಯೂರೋಪಿನ ಕಂಪನಿಗಳಾದ ಬಾಷ್, ಇನ್ಫಿನಿಯಾನ್, ಎನ್‌ಎಕ್ಸ್‌ಪಿ ಸೇರಿ ಕಟ್ಟುತ್ತಿರುವ ಕಾರ್ಖಾನೆಗೆ ಜರ್ಮನ್ ಸರ್ಕಾರದ 500 ಕೋಟಿ ಯೂರೋ ನೆರವಿದೆ. ಇಂಥ ಕೆಲಸ ಸುಲಭಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತು. ನನ್ನ ಮಗ 2008ರಲ್ಲಿ ಹುಟ್ಟಿದವನು, ಇಲ್ಲಿಯ ಪೌರ. 2026ರಿಂದ 18 ತುಂಬಿದ ಹುಡುಗರು ಸೈನ್ಯದ ಪ್ರಶ್ನೆಪಟ್ಟಿ ತುಂಬಲೇಬೇಕು. ಸೇರುವುದು ಸದ್ಯಕ್ಕೆ ಅವರಿಷ್ಟ. ಆದರೂ ಆ ಕಾಗದ ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ನೀನು ಬ್ಲೂ ಕಾರ್ಡಿನಲ್ಲಿ, ಅಂದರೆ ಓದಿದ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿಯಲ್ಲಿ ಬರುವವನು, ನಿನಗೆ ಆ ಕಾಗದ ಬರುವುದಿಲ್ಲ.

ಜರ್ಮನ್ ಕಲಿಯೋಕೆ ಇವತ್ತೇ ಶುರು ಮಾಡು. ಮನೆ ಒಪ್ಪುವ ಮುಂಚೆ ಬಾಡಿಗೆಯಲ್ಲಿ ಹೀಟಿಂಗ್ ಖರ್ಚು ಸೇರಿದೆಯಾ ಕೇಳು. ವಿಳಾಸ ಕಳಿಸಿದರೆ ನಾನೇ ಹೋಗಿ ನೋಡಿ ಬರುತ್ತೇನೆ.