ಓದುಗರ ಪ್ರಶ್ನೆ: ಚಳಿ ಊರಿನ ದ್ರಾಕ್ಷಿಗೆ ಅಷ್ಟು ಹೆಸರು ಯಾಕ?

ಪ್ರಶ್ನೆ: ನಾವು ಆರು ಎಕರೆ ದ್ರಾಕ್ಷಿ ಮಾಡೀವ್ರಿ. ನಮ್ಮ ಅಣ್ಣನ ಮಗ ಕೆಲಸಕ್ಕಂತ ಜರ್ಮನಿಗೆ ಹೋಗ್ಯಾನ, ಅಲ್ಲಿ ಮೋಸೆಲ್ ಅನ್ನೋ ಹೊಳಿ ದಂಡಿ ಮ್ಯಾಲಿನ ತೋಟದ ಫೋಟೋ ಕಳಿಸಿದ, ಗುಡ್ಡಕ್ಕ ಏಣಿ ಹಚ್ಚಿದಂಗ ಬಳ್ಳಿ ನಿಂತಾವ. ಕಾಕಾ ಇಲ್ಲಿ ವೈನ್ ಜಗತ್ತಿಗೇ ಹೆಸರುವಾಸಿ ಅಂದ. ಬಿಸಿಲು ನೋಡಿದ್ರ ನಮ್ಮಷ್ಟು ಯಾರಿಗೂ ಇಲ್ಲ, ಹಂಗಿದ್ರ ಚಳಿ ಊರಾಗ ಒಳ್ಳೆ ವೈನ್ ಹೆಂಗ ಆಗ್ತೈತ್ರಿ? – ದ್ರಾಕ್ಷಿ ಬೆಳೆಗಾರರು, ಕುಷ್ಟಗಿ

ಉತ್ತರ: ಅಣ್ಣಾರ, ನಿಮ್ಮ ಪತ್ರ ಓದಿ ಖುಷಿ ಆತು, ಇದನ್ನ ಕೇಳಬೇಕಾದವರು ತೋಟ ಮಾಡೋರೇ. ಮಾರ್ಚ್ ತಿಂಗಳಾಗ ನಿಮ್ಮ ತೋಟದಾಗ ಏನು ನಡೀತೈತಿ ನೆನಪು ಮಾಡ್ಕೊಳ್ರಿ. ಸಕ್ರಿ ಅಳೆಯೋ ಬ್ರಿಕ್ಸ್ ಮೀಟರಿನ ಗಾಜಿನ ಮ್ಯಾಲ ಒಂದು ಹನಿ ರಸ ಹಿಂಡಿ, ಬೆಳಕಿಗೆ ಮುಖ ಮಾಡಿ ಒಂದು ಕಣ್ಣು ಮುಚ್ಚಿ ನೋಡ್ತೀರಿ, 18 ಬಂತಂದ್ರ ವ್ಯಾಪಾರಿಗೆ ಫೋನ್ ಹಚ್ತೀರಿ. ತಿನ್ನೋ ಹಣ್ಣಿಗೆ ಆ ಲೆಕ್ಕ ಸಾಕು. ವೈನಿಗೆ ಸಾಲೂದಿಲ್ಲ, ಯಾಕಂದ್ರ ಕಾಳಿನೊಳಗ ಸಕ್ರಿ ಏರೋ ಮುಂದನ ಹುಳಿ ಇಳೀತಿರ್ತೈತಿ, ಅದರ ಜೊತಿಗೆ ಸಿಪ್ಪಿ ಬೀಜದಾಗಿನ ವಾಸನಿ, ಬಣ್ಣ, ಒಗರು ಹದಕ್ಕ ಬರಬೇಕು. ಇವೆಲ್ಲಾ ಒಂದ ಹೊತ್ತಿಗೆ ಮುಟ್ಟಿದ್ರ ಮಾತ್ರ ವೈನ್ ಚಲೋ ಆಗ್ತೈತಿ.

ದ್ರಾಕ್ಷಿಯೊಳಗ ಮುಖ್ಯ ಎರಡು ಹುಳಿ ಅದಾವ. ಟಾರ್ಟಾರಿಕ್ ಅನ್ನೋದು ಸುಮಾರಾಗಿ ಇದ್ದಂಗ ಇರ್ತೈತಿ. ಇನ್ನೊಂದು ಮ್ಯಾಲಿಕ್, ಹಸಿ ಸೇಬು ಕಚ್ಚಿದ್ರ ಹಲ್ಲು ಜುಮ್ ಅಂತೈತಲ್ಲ ಅದ. ಈ ಮ್ಯಾಲಿಕ್ ಹುಳೀನ ಕಾಳು ಉಸಿರಾಡೋ ಮುಂದ ತಾನ ಸುಟ್ಕೊಂಡು ಖಾಲಿ ಮಾಡ್ತೈತಿ, ಶಾಖ ಹೆಚ್ಚಾದಷ್ಟು ಜಲ್ದಿ, ರಾತ್ರಿನೂ ಬಿಸಿ ಇದ್ರ ರಾತ್ರಿನೂ ಬಿಡೂದಿಲ್ಲ. ನಮ್ಮ ಬಿಸಿಲಾಗ ಸಕ್ರಿ ಓಡೋಡಿ ಬರ್ತೈತಿ, ಹುಳಿ ಅಷ್ಟೇ ಜೋರಿಲೆ ಇಳಿದು ಹೋಗ್ತೈತಿ, ಆದ್ರ ಬೀಜ ಇನ್ನೂ ಹಸರು ಇರ್ತೈತಿ. ಬೀಜ ಇರೋ ಜಾತಿ ಇದ್ರ ಒಂದು ಕಾಳು ಬಾಯಾಗ ಹಾಕ್ಕೊಂಡು ಬೀಜ ಕಡದು ನೋಡ್ರಿ, ಹಸರಿದ್ದಾಗ ಮೆತ್ತಗ ಕಹಿ ಕಹಿ ಹತ್ತತೈತಿ, ಮಾಗಿದ ಮ್ಯಾಲ ಕಂದು ಆಗಿ ಕರುಮ್ ಅಂತೈತಿ, ಹುರಿದ ಕಾಳಿನ ರುಚಿ ಬರ್ತೈತಿ. ನಾನು ಮೀಟರಿಗಿಂತ ಈ ಬೀಜಾನ ಹೆಚ್ಚು ನಂಬ್ತೀನಿ.

ಚಳಿ ಊರಾಗ ಇದೆಲ್ಲಾ ನಿಧಾನ. ಬಳ್ಳಿ ಬೆಳೆಯೋ ತಿಂಗಳುಗಳ ಸರಾಸರಿ ಉಷ್ಣತೆ 13ರಿಂದ 15 ಡಿಗ್ರಿ ಒಳಗಿದ್ರ ಅದನ್ನ ತಂಪು ಸೀಮೆ ಅಂತಾರ. ಬಳ್ಳಿ ಕೆಲಸ ಶುರು ಮಾಡೋದ ಸುಮಾರು 10 ಡಿಗ್ರಿ ದಾಟಿದ ಮ್ಯಾಲ, ಹಂಗಾಗಿ 10ರ ಮ್ಯಾಲ ದಿನಾ ಎಷ್ಟು ಡಿಗ್ರಿ ಸಿಕ್ತು ಅಂತ ಕೂಡಿಸಿ ಊರೂರಿಗೆ ದರ್ಜೆ ಕೊಡೋ ಪದ್ಧತಿ ಐತಿ, ಕ್ಯಾಲಿಫೋರ್ನಿಯಾದ ಅಮೆರಿನ್ ಮತ್ತು ವಿಂಕ್ಲರ್ ಅನ್ನೋ ಇಬ್ಬರು ವಿಜ್ಞಾನಿಗಳು 1944ರಾಗ ಮಾಡಿದ್ದು. ಮೋಸೆಲ್ ಕಡೆ ಜೂನ್‌ನಾಗ ಹೂ ಬಿಟ್ರ ರೀಸ್ಲಿಂಗ್ ಅನ್ನೋ ಬಿಳಿ ದ್ರಾಕ್ಷಿ ಕೊಯ್ಯೋದು ಅಕ್ಟೋಬರ್‌ಗೆ, ಅಷ್ಟೊತ್ತಿಗೆ ಹಗಲು ಸಣ್ಣದಾಗಿ ರಾತ್ರಿ ತಣ್ಣಗ ಆಗಿರ್ತೈತಿ, ಹುಳಿ ಉಳೀತೈತಿ, ಸಕ್ರಿ ಸಾವಕಾಶ ಏರ್ತೈತಿ, ವಾಸನಿ ಕಟ್ಟಾಕ ಟೈಮ್ ಸಿಗ್ತೈತಿ. ನಮ್ಮ ಹಿಂಗಾರಿ ಬಿಳಿಜೋಳ ಚಳಿಯೊಳಗ, ಇಬ್ಬನಿಯೊಳಗ ಕಾಳು ಕಟ್ಟಿದ್ದರ ರೊಟ್ಟಿ ತಿಂದೋರಿಗೆ ಈ ಮಾತು ಬಿಡಿಸಿ ಹೇಳೋದು ಬ್ಯಾಡ.

ಇನ್ನು ಆ ಏಣಿಯಂಥಾ ಗುಡ್ಡ. ಮೋಸೆಲ್ ಇರೋದು 50 ಡಿಗ್ರಿ ಉತ್ತರ ಅಕ್ಷಾಂಶದ ಹತ್ರ, ಅಲ್ಲಿ ಸೂರ್ಯ ನಮ್ಮಂಗ ನೆತ್ತಿ ಮ್ಯಾಲ ಬರೂದಿಲ್ಲ, ಓರೆಯಾಗೇ ಬೀಳ್ತೈತಿ. ಅದಕ್ಕ ದಕ್ಷಿಣಕ್ಕ ಮುಖ ಮಾಡಿದ ಇಳಿಜಾರು ಹುಡುಕಿ ಹಚ್ಯಾರ, ಬ್ರೆಮ್ ಅನ್ನೋ ಊರ ಹತ್ರದ ಕಾಲ್ಮೊಂಟ್ ಗುಡ್ಡ ಕೆಲವು ಕಡೆ 65 ಡಿಗ್ರಿ ಕಡಿದಾಗೈತಿ. ನೆಲದ ತುಂಬ ಕರೀ ಪದರುಗಲ್ಲು, ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಬಳ್ಳಿಗೆ ಶಾಖ ಕೊಡ್ತೈತಿ. ಮೇ ತಿಂಗಳಾಗ ಮಾಳಿಗಿ ಮ್ಯಾಲ ಮಲಗಿದ್ರ ರಾತ್ರಿ ಹತ್ತಕ್ಕೂ ಕಲ್ಲು ಬೆನ್ನು ಸುಡ್ತೈತಲ್ಲ, ಅದ ಲೆಕ್ಕ. ನಮಗ ಕಾಟ ಆಗೋ ಕಲ್ಲಿನ ಬಿಸಿ ಅವರಿಗೆ ಹಣ್ಣು ಮಾಗಿಸೋ ಒಲಿ ಆಗೈತಿ.

ಹಂಗಂತ ಚಳಿ ಇದ್ದಷ್ಟು ಚಲೋ ಅಂತ ತಿಳ್ಕೋಬ್ಯಾಡ್ರಿ. ಒಂದೆರಡು ಡಿಗ್ರಿ ಕಮ್ಮಿ ಆದ್ರ ಹಣ್ಣು ಮಾಗೂದ ಇಲ್ಲ, ಕ್ಯಾಬರ್ನೆ ಅನ್ನೋ ಕೆಂಪು ವೈನಿನ ದ್ರಾಕ್ಷಿ ಮಾಗದಿದ್ರ ವೈನ್ ಹಸಿ ಡೊಣ್ಣ ಮೆಣಸಿನಕಾಯಿ ನಾತ ಹೊಡೀತೈತಿ. ಸಕ್ರಿ ಸಾಲದ ವರ್ಷ ರಸಕ್ಕ ಹೊರಗಿಂದ ಸಕ್ರಿ ಹಾಕೋ ರೂಢಿನೂ ಅಲ್ಲೇ ಬಂತು, ನೆಪೋಲಿಯನ್ ಕಾಲದ ಮಂತ್ರಿ ಶಾಪ್ಟಾಲ್ ಅದನ್ನ ಬೆಂಬಲಿಸಿದ, ಅವನ ಹೆಸರ ಆ ಪದ್ಧತಿಗೆ ಇವತ್ತಿಗೂ ಐತಿ. ಲೀಟರಿಗೆ ಸುಮಾರು 17 ಗ್ರಾಂ ಸಕ್ರಿ ಹಾಕಿದ್ರ ಮದ್ಯಸಾರ ಶೇ 1ರಷ್ಟು ಏರ್ತೈತಿ. ಆದ್ರ ಸಕ್ರಿ ಹಾಕಬಹುದು, ವಾಸನಿ ಹಾಕಾಕ ಆಗೂದಿಲ್ಲ.

ಪ್ರಶ್ನೆ: ವೈನ್ ಬಾಟಲಿ ಮ್ಯಾಲ ವರ್ಷ ಯಾಕ ಬರೀತಾರ? ಅದ ತೋಟ, ಅದ ರೈತ, ಪ್ರತಿ ವರ್ಷ ಬ್ಯಾರೆ ಹೆಂಗ ಆಗ್ತೈತಿ? ಟಿವಿಯೊಳಗ ದ್ರಾಕ್ಷಿ ತೋಟದ ತುಂಬ ರಾತ್ರಿ ದೀಪ ಹಚ್ಚಿದ್ದು ತೋರ್ಸಿದ್ರು, ಅದೇನು ಹಬ್ಬಾನಾ? – ಶಾಲಾ ಶಿಕ್ಷಕಿ, ಬಳ್ಳಾರಿ

ಉತ್ತರ: ಹಬ್ಬ ಅಲ್ರಿ ಅಕ್ಕಾರ, ಜೀವ ಉಳಿಸ್ಕೊಳ್ಳೋ ಹೋರಾಟ. ಚಳಿಗಾಲದಾಗ ಅಲ್ಲಿ ಬಳ್ಳಿ ಎಲಿ ಉದುರಿಸಿ ಮಲಗಿರ್ತೈತಿ, ಆಗ ಎಂಥಾ ಚಳಿ ಬಂದ್ರೂ ಸುಮಾರಾಗಿ ತಡ್ಕೋತೈತಿ. ಏಪ್ರಿಲ್‌ನಾಗ ಕಣ್ಣು ಒಡೆದು ಚಿಗುರು ಹೊರಗ ಬಂದ ಮ್ಯಾಲ ಕತಿ ಬ್ಯಾರೆ, ಮೈನಸ್ 2 ಡಿಗ್ರಿ ಹತ್ರ ಹೋದ್ರ ಎಳೆ ಚಿಗುರು ಕರ್ರಗಾಗಿ ಜೋತು ಬೀಳ್ತೈತಿ, ಆ ಚಿಗುರಿನೊಳಗ ಆ ವರ್ಷದ ಗೊಂಚಲು ಇರ್ತೈತಿ. ಮೋಡ ಇಲ್ಲದ, ಗಾಳಿ ಆಡದ ರಾತ್ರಿ ಭಾಳ ಕೆಟ್ಟದ್ದು, ತಣ್ಣನ ಗಾಳಿ ಭಾರ ಇರ್ತೈತಿ, ನೀರಿನಂಗ ಹರಿದು ತಗ್ಗಿನ ಹೊಲದಾಗ ನಿಲ್ತೈತಿ. ಅದಕ್ಕ ಸಾಲಿನ ನಡುವ ಡಬ್ಬಿಯೊಳಗ ಮೇಣ ತುಂಬಿ ನೂರಾರು ದೀಪ ಹಚ್ತಾರ. 2021ರ ಏಪ್ರಿಲ್‌ನಾಗ ಫ್ರಾನ್ಸಿನ ತೋಟಗಳಿಗೆ ಇಂಥಾ ಹಿಮ ಬಡಿದು ದೇಶಾದ್ಯಂತ ಭಾರೀ ಲುಕ್ಸಾನಾತು.

ಫ್ರಾನ್ಸಿನ ಶಾಬ್ಲಿ ಅನ್ನೋ ಸೀಮೆಯೊಳಗ ಇನ್ನೊಂದು ಉಪಾಯ ಐತಿ, ಕೇಳಿದ್ರ ನಂಬಾಕ ಆಗೂದಿಲ್ಲ. ಹಿಮ ಬೀಳೋ ರಾತ್ರಿ ಸ್ಪ್ರಿಂಕ್ಲರ್ ಹಚ್ಚಿ ಚಿಗುರಿಗೆ ನೀರು ಹೊಡೀತಾರ. ನೀರು ಹೆಪ್ಪುಗಟ್ಟೋ ಮುಂದ ತನ್ನೊಳಗಿನ ಶಾಖ ಬಿಡ್ತೈತಿ, ಆ ಶಾಖದಿಂದ ಗಾಜಿನಂಥಾ ಐಸಿನ ಒಳಗ ಚಿಗುರು ಸೊನ್ನೆ ಡಿಗ್ರಿ ಹತ್ರ ಬದುಕಿರ್ತೈತಿ. ಆದ್ರ ಬೆಳಗಾಗಿ ಐಸ್ ಕರಗೋ ತನಕ ನೀರು ನಿಲ್ಲಿಸೋ ಹಂಗಿಲ್ಲ, ನಡುವ ಮೋಟಾರ್ ನಿಂತ್ರ ನೀರು ಹೊಡೆಯದಿದ್ದ ತೋಟಕ್ಕಿಂತ ಹೆಚ್ಚು ಹಾಳಾಗ್ತೈತಿ. ರಾತ್ರಿ ತ್ರೀ ಫೇಸ್ ಕರೆಂಟ್ ಕಾದು ಕುಂತ ನಮ್ಮ ರೈತರಿಗೆ ಆ ರೈತನ ಎದಿ ಬಡಿತ ಚಲೋ ತಿಳೀತೈತಿ.

ಇದು ಏಪ್ರಿಲ್ ಪರೀಕ್ಷೆ ಆತು. ಜೂನ್‌ನಾಗ ಹೂ ಬಿಟ್ಟಾಗ ಮಳಿ ಚಳಿ ಹಿಡಿದ್ರ ಕಾಳು ಕಟ್ಟೂದಿಲ್ಲ, ಕಟ್ಟಿದ್ರೂ ಒಂದ ಗೊಂಚಲಿನಾಗ ಅರ್ಧ ದಪ್ಪ, ಅರ್ಧ ಸಾಸಿವಿಯಷ್ಟು. ಆಮ್ಯಾಲ ಆಣೆಕಲ್ಲು, ಫ್ರಾನ್ಸಿನ ಬರ್ಗಂಡಿಯ ಬೋನ್ ಸೀಮೆಗೆ 2012, 2013, 2014 ಮೂರೂ ವರ್ಷ ಬಡೀತು. ಕೊಯ್ಲಿನ ಮುಂದ ಮಳಿ ಹತ್ತಿದ್ರ ಕಾಳು ನೀರು ಕುಡಿದು ಸಪ್ಪಗಾಗ್ತೈತಿ, ಇಲ್ಲಾ ಒಡೆದು ಕೊಳೀತೈತಿ. ಬಿಸಿ ಸೀಮೆಯೊಳಗ ವರ್ಷ ವರ್ಷಕ್ಕ ಫರಕು ಕಮ್ಮಿ, ಚಳಿ ಸೀಮೆಯೊಳಗ ಹಣ್ಣು ಮಾಗೋದ ಅಂಚಿನ ಮ್ಯಾಲ ಇರೋದ್ರಿಂದ ಹತ್ತು ದಿನದ ಹವಾ ಇಡೀ ವರ್ಷಾನ ಬರೀತೈತಿ. ಶಾಂಪೇನ್ ಸೀಮೆಯವರು ಅದಕ್ಕ ಹಿಂದಿನ ವರ್ಷಗಳ ವೈನ್ ಕಾದಿಟ್ಟು ಕೂಡಿಸ್ತಾರ, ಅಂಥಾ ಬಾಟಲಿ ಮ್ಯಾಲ ವರ್ಷ ಇರೂದಿಲ್ಲ.

ಪ್ರಶ್ನೆ: ದ್ರಾಕ್ಷಿಗೆ ಬೋರ್ಡೋ ದ್ರಾವಣ ಹೊಡೀತೀವಿ, ಬೋರ್ಡೋ ಅಂದ್ರ ವೈನಿನ ಊರೇನು? – ಗಂಗಾವತಿ ಓದುಗರು

ಉತ್ತರ: ಹೌದ್ರಿ, ಫ್ರಾನ್ಸಿನ ಅದ ಊರು. ದಾರಿ ಮಗ್ಗಲಿನ ಬಳ್ಳಿ ಹಣ್ಣು ಯಾರೂ ಕದೀಬಾರದು ಅಂತ ರೈತರು ಮೈಲುತುತ್ತ, ಸುಣ್ಣ ಕಲಸಿ ಬಳೀತಿದ್ರು, ಆ ಬಳ್ಳಿಗೆ ಮಾತ್ರ ಡೌನಿ ಅನ್ನೋ ಬೂಜು ರೋಗ ಬಂದಿಲ್ಲ ಅನ್ನೋದನ್ನ ಮಿಲಾರ್ಡೆ ಅನ್ನೋ ವಿಜ್ಞಾನಿ ಗಮನಿಸಿ 1885ರಾಗ ಲೋಕಕ್ಕ ತಿಳಿಸಿದ. ಸಮುದ್ರದ ಕಡಿಂದ ಬರೋ ಮಳಿ, ತೇವದಿಂದ ಅಲ್ಲಿ ಆ ರೋಗ ಈಗಲೂ ದೊಡ್ಡ ತಲಿನೋವು.

ಪ್ರಶ್ನೆ: ಐಸ್ ಆಗಿರೋ ದ್ರಾಕ್ಷಿಯಿಂದ ವೈನ್ ಮಾಡ್ತಾರಂತ, ಖರೇನಾ? – ವಿದ್ಯಾರ್ಥಿ, ಸಿಂಧನೂರು

ಉತ್ತರ: ಖರೆ ತಮ್ಮಾ. ಮೈನಸ್ 7 ಡಿಗ್ರಿ ಅಥವಾ ಅದಕ್ಕಿಂತ ಕೆಳಗ ಇಳಿದಾಗ ಬಳ್ಳಿ ಮ್ಯಾಲ ಗಟ್ಟಿಯಾದ ಹಣ್ಣು ನಸುಕಿನಾಗ ಕೊಯ್ದು ಹಂಗೇ ಹಿಂಡ್ತಾರ, ನೀರು ಐಸ್ ಆಗಿ ಉಳೀತೈತಿ, ಜೇನಿನಂಥಾ ರಸ ಅಷ್ಟ ಇಳೀತೈತಿ. 2019ರ ಬೆಳೆಗೆ ಜರ್ಮನಿಯೊಳಗ ಎಲ್ಲೂ ಅಷ್ಟು ಚಳಿ ಬೀಳಲಿಲ್ಲ, ಆ ವರ್ಷ ಐಸ್ ವೈನ್ ಆಗಲೇ ಇಲ್ಲ.

ಪ್ರಶ್ನೆ: ಹಂಗಾದ್ರ ನಮ್ಮ ಬಿಸಿಲಾಗ ಒಳ್ಳೆ ವೈನ್ ಆಗೂದ ಇಲ್ಲೇನ್ರಿ? – ರಾಯಚೂರು ಓದುಗರು

ಉತ್ತರ: ಆಗ್ತೈತಿ, ಆದ್ರ ನಾವು ಅವರ ಉಲ್ಟಾ ಯೋಚನೆ ಮಾಡಬೇಕು. ಅವರು ಶಾಖ ಕೂಡಿಸ್ತಾರ, ನಾವು ತಂಪು ಹುಡುಕಬೇಕು. ನಮ್ಮ ಬಳ್ಳಿ ನಿದ್ದಿ ಮಾಡೂದಿಲ್ಲ, ಏಪ್ರಿಲ್‌ನಾಗ ಒಂದು, ಅಕ್ಟೋಬರ್‌ನಾಗ ಒಂದು ಚಾಟ್ನಿ (ಬಳ್ಳಿ ಕತ್ತರಿಸೋದು) ಮಾಡ್ತೀವಿ, ಅದರಿಂದನ ಹಣ್ಣು ಚಳಿಗಾಲದಾಗ ಬೆಳೀತೈತಿ. ವೈನ್ ಜಾತಿ ಹಚ್ಚೋರು ಚಾಟ್ನಿ ದಿನ ಹಿಂದ ಮುಂದ ಮಾಡಿ, ಮಾರ್ಚ್ ಬಿಸಿಲು ಬಡಿಯೋ ಮೊದಲು ಹಣ್ಣು ಮಾಗೋ ಹಂಗ ನೋಡ್ಕೋಬೇಕು, ಗೊಂಚಲಿನ ಮ್ಯಾಲ ಎಲಿ ನೆರಳು ಬಿಡಬೇಕು, ಕೊಯ್ಲು ಸೂರ್ಯ ಹುಟ್ಟೋದ್ರೊಳಗ ಮುಗಿಸಬೇಕು.

ಅಲ್ಲಿನ ಚಳಿನೂ ಈಗ ಮೊದಲಿನಂಗ ಉಳಿದಿಲ್ಲ. ಬೋನ್ ಊರಾಗ ದ್ರಾಕ್ಷಿ ಕೊಯ್ದ ದಿನಗಳ ಲೆಕ್ಕ 1354ರಿಂದ ಸಿಕ್ಕೈತಿ, 1988ರ ಮ್ಯಾಲ ಕೊಯ್ಲು ಹಿಂದಿನ ಆರು ಶತಮಾನಕ್ಕಿಂತ ಸರಾಸರಿ 13 ದಿನ ಮುಂಚೆ ಬರಾಕತ್ತೈತಿ. ಶಾಂಪೇನಿನ ಟೆಟಾಂಜೆ ಕಂಪನಿ 2015ರಾಗ ಇನ್ನೂ ಉತ್ತರಕ್ಕಿರೋ ಇಂಗ್ಲೆಂಡಿನ ಕೆಂಟ್ ಕಡೆ ದ್ರಾಕ್ಷಿ ಹಚ್ಚಾಕ ಜಮೀನು ತಗೊಂತು.

ಕುಷ್ಟಗಿ ಅಣ್ಣಾರಿಗೆ ಒಂದು ಕೆಲಸ ಹೇಳ್ತೀನಿ. ಈ ಸಲ ಜನವರಿಯಿಂದ ತೋಟದಾಗ ಒಂದು ಥರ್ಮಾಮೀಟರ್ ಕಟ್ಟಿ, ಬೆಳಿಗ್ಗೆ ಐದಕ್ಕ ಎಷ್ಟಿತ್ತು, ಮಧ್ಯಾಹ್ನ ಮೂರಕ್ಕ ಎಷ್ಟಿತ್ತು ಬರೆದಿಡ್ರಿ, ವಾರಕ್ಕೊಮ್ಮೆ ಬ್ರಿಕ್ಸ್ ಮಗ್ಗಲಿಗೆ ಬೀಜದ ಬಣ್ಣಾನೂ ಬರೀರಿ. ಆ ನೋಟ್‌ಬುಕ್ಕಿನ ಫೋಟೋ ನಮಗ ಕಳಿಸ್ರಿ, ಅದರ ಮ್ಯಾಲನ ಮುಂದಿನ ಉತ್ತರ ಬರೀತೀನಿ.